ಸುಟ್ಟ ಮಣ್ಣಿನ ಧರ್ಮರಾಯ

ಧರ್ಮರಾಯನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪಗಡೆಯ ಹಾಸಿನ ಮುಂದೆ ತಲೆ ತಗ್ಗಿಸಿ ಕುಳಿತ ಅರಸು. ಇಲ್ಲವೆ ತಮ್ಮಂದಿರನ್ನು ಸಮಾಧಾನಪಡಿಸುತ್ತಿರುವ ಹಿರಿಯಣ್ಣ. ನಮ್ಮೂರ ಬಯಲಾಟದಲ್ಲಿ ರಂಗ ನಡುಗುವಂತೆ ಕುಣಿಯುವವನು ಭೀಮ, ಬಿಲ್ಲು ಹಿಡಿದು ಮೆರೆಯುವವನು ಅರ್ಜುನ. ಧರ್ಮರಾಯನ ಕೈಯಲ್ಲಿ ಬಿಲ್ಲನ್ನು ನೆನೆಯುವವರು ಬಹಳ ಕಡಿಮೆ. ಆದರೆ ಇಂದಿಗೆ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಗಂಗಾ ಬಯಲಿನ ಒಬ್ಬ ಕುಶಲಿಯು, ರಥವನ್ನೇರಿ ಬಿಲ್ಲನ್ನು ಸೆಳೆದು ಯುದ್ಧಕ್ಕೆ ನಿಂತ ಧರ್ಮರಾಯನನ್ನು ಜೇಡಿಮಣ್ಣಿನಲ್ಲಿ ಮಾಡಿ, ಬೆಂಕಿಯಲ್ಲಿ ಸುಟ್ಟು, ಒಂದು ಶಿವಾಲಯದ ಗೋಡೆಗೆ ಸೇರಿಸಿದನು. ಆ ಮಣ್ಣಿನ ಹಲಗೆ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಹೆಸರು ಬರೆದಿಲ್ಲ. ಆದರೂ ಅದು ಧರ್ಮರಾಯನೆಂದು ವಿದ್ವಾಂಸರು ಹೇಳುತ್ತಾರೆ. ಹೇಗೆ ತಿಳಿಯಿತು? ಕಲ್ಲಿನ ಬದಲು ಮಣ್ಣೇಕೆ? ಇಷ್ಟು ಕಾಲ ಅದು ಹೇಗೆ ಉಳಿಯಿತು? ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಅಹಿಚ್ಛತ್ರದ ದಿಬ್ಬ

ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ರಾಮನಗರವೆಂಬ ಹಳ್ಳಿಯಿದೆ. ಅದರ ಪಕ್ಕದಲ್ಲಿ ಹಳೆಯ ಕೋಟೆಯ ಗೋಡೆಗಳೂ ಇಟ್ಟಿಗೆಯ ದಿಬ್ಬಗಳೂ ಹರಡಿಕೊಂಡಿವೆ. ಇದೇ ಅಹಿಚ್ಛತ್ರ, ಪ್ರಾಚೀನ ಉತ್ತರ ಪಾಂಚಾಲದ ರಾಜಧಾನಿ. ಭಾರತದ ಕಥೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಅರ್ಜುನನು ದ್ರುಪದನನ್ನು ಸೆರೆಹಿಡಿದು ಗುರುದಕ್ಷಿಣೆಯಾಗಿ ತಂದಾಗ, ದ್ರೋಣನು ರಾಜ್ಯವನ್ನು ಎರಡಾಗಿ ಮಾಡಿ ಗಂಗೆಯ ದಕ್ಷಿಣದ ಪಾಲನ್ನು ದ್ರುಪದನಿಗೆ ಹಿಂದಕ್ಕೆ ಕೊಟ್ಟು, ಉತ್ತರದ ಪಾಲನ್ನು ತಾನಿಟ್ಟುಕೊಂಡನಷ್ಟೆ. ಆ ಉತ್ತರದ ಪಾಲಿನ ಪಟ್ಟಣವೇ ಅಹಿಚ್ಛತ್ರವೆಂದು ಆದಿಪರ್ವ ಹೇಳುತ್ತದೆ.

ಕನಿಂಗ್‌ಹ್ಯಾಮ್ ಎಂಬ ಆಂಗ್ಲ ಅಧಿಕಾರಿ ೧೮೬೨–೬೩ರ ಸುಮಾರಿಗೆ ಈ ಸ್ಥಳವನ್ನು ಪರೀಕ್ಷಿಸಿದನು. ದೊಡ್ಡ ಅಗೆತ ನಡೆದದ್ದು ೧೯೪೦ರಿಂದ ೧೯೪೪ರವರೆಗೆ. ಭಾರತೀಯ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಕೆ. ಎನ್. ದೀಕ್ಷಿತರು ಇದನ್ನು ನಡೆಸಿದರು. ಹೊರಗೆ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ನೆಲವನ್ನು ಪದರ ಪದರವಾಗಿ ಅಗೆದಾಗ, ಒಂದರ ಮೇಲೊಂದು ಒಂಬತ್ತು ಕಾಲದ ವಸತಿಗಳು ಕಂಡುಬಂದವು. ಕ್ರಿಸ್ತಪೂರ್ವ ಸುಮಾರು ೩೦೦ರಿಂದ ಕ್ರಿ. ಶ. ಸುಮಾರು ೧೧೦೦ರವರೆಗೆ ಜನ ಇಲ್ಲಿ ಬಾಳಿದ್ದರು.

ಆ ಪದರಗಳಿಂದ ನೂರಾರು ಮಣ್ಣಿನ ಗೊಂಬೆಗಳು ಹೊರಬಂದವು. ವಾಸುದೇವಶರಣ ಅಗ್ರವಾಲರು ಅವುಗಳನ್ನೆಲ್ಲ ವಿಂಗಡಿಸಿ, ಯಾವ ಗೊಂಬೆ ಯಾವ ಪದರದಲ್ಲಿ ಸಿಕ್ಕಿತೆಂಬುದನ್ನು ನೋಡಿ, ಒಂದೊಂದರ ಕಾಲವನ್ನು ಗೊತ್ತುಮಾಡಿದರು. ಅವರ ಲೇಖನ ೧೯೪೭–೪೮ರ 'ಏನ್ಷೆಂಟ್ ಇಂಡಿಯಾ' ಎಂಬ ಇಲಾಖೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಣ್ಣಿನ ಗೊಂಬೆಯೆಂದರೆ ಮಕ್ಕಳ ಆಟಿಕೆ ಎಂದು ಬದಿಗಿಡುತ್ತಿದ್ದ ಕಾಲ ಹೋಗಿ, ಅದೂ ಇತಿಹಾಸಕ್ಕೆ ಸಾಕ್ಷಿಯೆಂದು ಜನ ಒಪ್ಪುವುದಕ್ಕೆ ಇಂಥ ಕೆಲಸಗಳು ಕಾರಣವಾದವು.

ದಿಬ್ಬಗಳಲ್ಲೆಲ್ಲ ಎತ್ತರವಾದದ್ದು ಒಂದು ಶಿವಾಲಯದ್ದು. ಇಟ್ಟಿಗೆಯ ಜಗಲಿಗಳು ಒಂದರ ಮೇಲೊಂದು ಕಿರಿದಾಗುತ್ತ ಮೇಲೇರಿವೆ. ತುದಿಯಲ್ಲಿರುವ ದೊಡ್ಡ ಶಿವಲಿಂಗವನ್ನು ಸುತ್ತಿನ ಹಳ್ಳಿಯವರು ಭೀಮನ ಗದೆಯೆಂದೇ ಕರೆಯುತ್ತ ಬಂದಿದ್ದಾರೆ. ಮೇಲಿನ ಜಗಲಿಗೆ ಹತ್ತುವ ಮೆಟ್ಟಿಲಿನ ಎರಡು ಪಕ್ಕದಲ್ಲಿ ಗಂಗೆ ಯಮುನೆಯರ ಮೂರ್ತಿಗಳಿದ್ದವು. ಅವು ಹೆಚ್ಚುಕಡಿಮೆ ಆಳೆತ್ತರ, ಅವೂ ಸುಟ್ಟ ಮಣ್ಣಿನವೇ. ಜಗಲಿಯ ಗೋಡೆಯ ಸುತ್ತ ಪುರಾಣ ಕಥೆಗಳ ಮಣ್ಣಿನ ಹಲಗೆಗಳನ್ನು ಸಾಲಾಗಿ ಕೂರಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಶಿವನ ಕಥೆಗಳು. ಇವುಗಳ ಕಾಲ ಕ್ರಿ. ಶ. ೫–೬ನೆಯ ಶತಮಾನ. ನಮ್ಮ ಧರ್ಮರಾಯನ ಹಲಗೆ ಈ ಸಾಲಿಗೆ ಸೇರಿದ್ದು.

ಬಾವುಟ ಹೇಳಿದ ಹೆಸರು

ಹಲಗೆಯ ಅಗಲ ಎತ್ತರ ಸುಮಾರು ಎರಡೆರಡು ಅಡಿ. ಅದರಲ್ಲಿ ಇಬ್ಬರು ವೀರರು ಎದುರುಬದುರಾಗಿ ರಥಗಳಲ್ಲಿ ನಿಂತು ಬಾಣ ಬಿಡುತ್ತಿದ್ದಾರೆ. ಬೆನ್ನಿಗೆ ಬತ್ತಳಿಕೆಗಳಿವೆ. ಮುಖದಿಂದ ಇವನು ಇಂಥವನೆಂದು ಹೇಳುವ ಹಾಗಿಲ್ಲ. ಭಾರತದ ಯುದ್ಧದಲ್ಲಿ ರಥದ ಮೇಲೆ ನಿಂತು ಬಾಣ ಬಿಟ್ಟವರು ಸಾವಿರಾರು ಮಂದಿ. ಆದರೆ ಇಬ್ಬರ ರಥಗಳಿಗೂ ಧ್ವಜಗಳಿವೆ. ಒಂದು ಧ್ವಜದಲ್ಲಿ ಹಂದಿ, ಇನ್ನೊಂದರಲ್ಲಿ ಅರ್ಧಚಂದ್ರ.

ಇಲ್ಲಿ ನೆರವಿಗೆ ಬಂದದ್ದು ಮಹಾಭಾರತದ ದ್ರೋಣಪರ್ವ. ಯುದ್ಧಭೂಮಿಯ ಸುದ್ದಿಯನ್ನು ಕುರುಡನಾದ ಧೃತರಾಷ್ಟ್ರನಿಗೆ ಹೇಳುವ ಸಂಜಯನು ಯಾರ ರಥದ ಮೇಲೆ ಯಾವ ಧ್ವಜವಿತ್ತೆಂದು ಒಂದೊಂದನ್ನೂ ವರ್ಣಿಸುತ್ತಾನೆ. ಅರ್ಜುನನದು ಕಪಿಧ್ವಜವೆಂಬುದು ನಮ್ಮಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಭೀಮನದು ಸಿಂಹ, ಸಹದೇವನದು ಹಂಸ, ಘಟೋತ್ಕಚನದು ಹದ್ದು, ಕೃಪನದು ಎತ್ತು, ದುರ್ಯೋಧನನದು ರತ್ನಖಚಿತವಾದ ಆನೆ. ಸಿಂಧುದೇಶದ ಅರಸು ಜಯದ್ರಥನ ಧ್ವಜದಲ್ಲಿ ಬೆಳ್ಳಿಯ ಹಂದಿ. ಯುಧಿಷ್ಠಿರನ ಧ್ವಜದಲ್ಲಿ ಗ್ರಹಗಳೊಡನೆ ಚಂದ್ರ. ಹಂದಿ ಮತ್ತು ಚಂದ್ರ ಎದುರೆದುರಾಗಿ ನಿಂತಿವೆಯೆಂದರೆ, ಕಾದುತ್ತಿರುವವರು ಜಯದ್ರಥ ಮತ್ತು ಧರ್ಮರಾಯ ಎಂದೇ ಅರ್ಥ. ವಿದ್ವಾಂಸರ ತೀರ್ಮಾನದ ತಳಹದಿ ಇದು.

ಇದು ನಮ್ಮ ದೇಶದ ಪದ್ಧತಿ ಮಾತ್ರವಲ್ಲ. ಗ್ರೀಕರ ಪುರಾಣದಲ್ಲಿ ಹೆರಾಕ್ಲೀಸನೆಂಬ ಮಹಾವೀರನಿದ್ದಾನೆ, ನಮ್ಮ ಭೀಮನಂಥವನು. ಅವನ ಮೂರ್ತಿ ಎಲ್ಲಿ ಸಿಕ್ಕಿದರೂ ಹೆಗಲ ಮೇಲಿನ ಸಿಂಹದ ಚರ್ಮದಿಂದಲೂ ಕೈಯಲ್ಲಿನ ದೊಣ್ಣೆಯಿಂದಲೂ ಗುರುತಿಸುತ್ತಾರೆ. ಆಫ್ಘಾನಿಸ್ತಾನದ ಹಡ್ಡಾ ಎಂಬಲ್ಲಿ, ಬುದ್ಧನ ಪಕ್ಕದಲ್ಲಿ ಕುಳಿತ ವಜ್ರಪಾಣಿಯನ್ನು ಹೆರಾಕ್ಲೀಸನ ರೂಪದಲ್ಲೇ ಮಾಡಿದ್ದರು. ಅದೂ ಮಣ್ಣಿನದು, ಸುಡದ ಹಸಿ ಮಣ್ಣಿನದು. ಆ ದೇಶದ ಯುದ್ಧದ ವರ್ಷಗಳಲ್ಲಿ ಅದು ನಾಶವಾಯಿತು. ಈಗ ಚಿತ್ರಗಳು ಮಾತ್ರ ಉಳಿದಿವೆ.

ನಮ್ಮ ನಾಡಿನ ವೀರಗಲ್ಲುಗಳ ರೀತಿ ಬೇರೆ. ಅವುಗಳಲ್ಲಿ ಅನೇಕಕ್ಕೆ ಅಕ್ಷರದ ಬೆಂಬಲವಿದೆ. ಕ್ರಿ. ಶ. ೯೪೯–೫೦ರ ಆತಕೂರಿನ ಕಲ್ಲು ಮಣಲೇರನ ಹೆಸರನ್ನಷ್ಟೇ ಅಲ್ಲ, ಹಂದಿಯೊಡನೆ ಕಾದಿ ಸತ್ತ ಅವನ ನಾಯಿ ಕಾಳಿಯ ಹೆಸರನ್ನೂ ಹೇಳುತ್ತದೆ. ಅಲ್ಲಿ ಓದು ಬಲ್ಲವನಿಗೆ ಸಂಶಯವಿಲ್ಲ. ಅಹಿಚ್ಛತ್ರದ ಹಲಗೆ ಹಾಗಲ್ಲ. ಅದು ಅಕ್ಷರ ಬಲ್ಲವರನ್ನು ನಂಬಿಕೊಂಡಿಲ್ಲ. ಕಥೆ ಬಲ್ಲವರನ್ನು ನಂಬಿಕೊಂಡಿದೆ. ಮೆಟ್ಟಿಲು ಹತ್ತಿ ಪ್ರದಕ್ಷಿಣೆ ಬರುವ ಒಕ್ಕಲಿಗನೂ ನೇಕಾರನೂ ಬಾವುಟ ನೋಡಿ ಹೆಸರು ಹೇಳಬಲ್ಲರೆಂಬ ಭರವಸೆ ಅದನ್ನು ಮಾಡಿದವನಿಗಿತ್ತು.

ಇವರಿಬ್ಬರೇ ಏಕೆ?

ಭಾರತದಲ್ಲಿ ಎಷ್ಟೋ ಪ್ರಸಿದ್ಧ ಕಾಳಗಗಳಿವೆ. ಕರ್ಣಾರ್ಜುನರದು, ಭೀಮ ದುರ್ಯೋಧನರದು. ಧರ್ಮರಾಯನಿಗೂ ಜಯದ್ರಥನಿಗೂ ನಡೆದ ಕಾಳಗವೆಂದರೆ ಅದಾವುದು ಎಂದು ಕೇಳುವವರುಂಟು. ಅದು ನಮಗೆಲ್ಲ ಗೊತ್ತಿರುವ ಕಥೆಯೇ. ಆದರೆ ಇನ್ನೊಂದು ಹೆಸರಿನಿಂದ ಗೊತ್ತು. ಅದು ಅಭಿಮನ್ಯುವಿನ ಕಥೆ.

ಯುದ್ಧದ ಹದಿಮೂರನೆಯ ದಿನ. ಅರ್ಜುನನು ಸಂಶಪ್ತಕರ ಮೇಲೆ ಯುದ್ಧಕ್ಕೆ ದೂರ ಹೋಗಿದ್ದಾನೆ. ಇತ್ತ ದ್ರೋಣನು ಚಕ್ರವ್ಯೂಹವನ್ನು ಒಡ್ಡಿದ್ದಾನೆ. ಅದನ್ನು ಒಡೆಯಬಲ್ಲವನು ಪಾಂಡವರ ಕಡೆಯಲ್ಲಿ ಆಗ ಇದ್ದದ್ದು ಹದಿಹರೆಯದ ಅಭಿಮನ್ಯು ಒಬ್ಬನೇ. ಅವನಿಗೂ ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. 'ನೀನು ಬಾಗಿಲು ತೆರೆ, ನಾವು ನಿನ್ನ ಹಿಂದೆಯೇ ಬರುತ್ತೇವೆ' ಎಂದು ದೊಡ್ಡಪ್ಪನಾದ ಧರ್ಮರಾಯ ಮಾತು ಕೊಟ್ಟನು. ಹುಡುಗ ಒಳಹೊಕ್ಕನು. ಹಿಂದೆಯೇ ಹೊರಟ ದೊಡ್ಡವರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದವನು ಜಯದ್ರಥ.

ಜಯದ್ರಥನಿಗೆ ಆ ಬಲ ಬಂದದ್ದು ಹೀಗೆ. ಪಾಂಡವರು ವನವಾಸದಲ್ಲಿದ್ದಾಗ ಅವನು ದ್ರೌಪದಿಯನ್ನು ಹೊತ್ತೊಯ್ಯಲು ಹೋಗಿ ಸಿಕ್ಕಿಬಿದ್ದನು. ಭೀಮನು ಅವನ ತಲೆ ಬೋಳಿಸಿ ಐದು ಜುಟ್ಟು ಬಿಟ್ಟು ಅವಮಾನ ಮಾಡಿದನು. ಆ ಅವಮಾನದ ಬೆಂಕಿಯಲ್ಲಿ ಅವನು ಶಿವನನ್ನು ಕುರಿತು ತಪಸ್ಸು ಮಾಡಿ, ಅರ್ಜುನನೊಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ವರವನ್ನು ಪಡೆದನು. ಆ ಒಂದು ದಿನ ಇದೇ ಆಯಿತು.

ಧರ್ಮರಾಯನು ಸುಮ್ಮನೆ ನಿಂತುಕೊಳ್ಳಲಿಲ್ಲ. ಜಯದ್ರಥನ ಬಿಲ್ಲನ್ನು ಕತ್ತರಿಸಿಯೇ ಬಿಟ್ಟನೆಂದು ದ್ರೋಣಪರ್ವ ಹೇಳುತ್ತದೆ. ಆದರೆ ರೆಪ್ಪೆ ಬಡಿಯುವಷ್ಟರಲ್ಲಿ ಅವನು ಇನ್ನೊಂದು ಬಿಲ್ಲನ್ನು ಹಿಡಿದನು. ಭೀಮನು ಆ ಬಿಲ್ಲನ್ನೂ ಧ್ವಜವನ್ನೂ ಕೊಡೆಯನ್ನೂ ಕಡಿದನು. ಮತ್ತೊಂದು ಬಿಲ್ಲು ಬಂತು, ಭೀಮನ ಕುದುರೆಗಳೇ ಸತ್ತವು. ಬಾಗಿಲು ತೆರೆಯಲಿಲ್ಲ. ಒಳಗೆ ಹುಡುಗನನ್ನು ಅನೇಕರು ಕೂಡಿ ಕೊಂದರು.

ಆದುದರಿಂದ ಈ ಹಲಗೆಯಲ್ಲಿರುವುದು ಗೆದ್ದ ವೀರನ ಚಿತ್ರವಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ತನ್ನ ಶಕ್ತಿಯೆಲ್ಲ ಹಾಕಿ ಹೆಣಗುತ್ತಿರುವ, ಆದರೂ ಉಳಿಸಿಕೊಳ್ಳಲಾರದ ದೊಡ್ಡಪ್ಪನ ಚಿತ್ರ. ಮಣ್ಣಿನಲ್ಲಿ ಅಭಿಮನ್ಯು ಕಾಣುವುದಿಲ್ಲ. ಆದರೆ ಕಥೆ ಬಲ್ಲವನು ಹಲಗೆಯ ಮುಂದೆ ನಿಂತರೆ ಅವನ ಮನಸ್ಸೆಲ್ಲ ಕಾಣದ ಆ ಹುಡುಗನ ಮೇಲೆಯೇ ಇರುತ್ತದೆ. ಶಿವಾಲಯದಲ್ಲಿ ಈ ಕಥೆ ಸಲ್ಲುವುದಕ್ಕೆ ಶಿವನ ವರವೂ ಒಂದು ಸಂಬಂಧ. ಮತ್ತೊಂದು ಸಂಬಂಧ ಊರಿನದು: ಚಕ್ರವ್ಯೂಹವನ್ನು ಒಡ್ಡಿದ ದ್ರೋಣನದೇ ಅಹಿಚ್ಛತ್ರ. ಆ ಊರಿನವರಿಗೆ ಇದು ಎಲ್ಲೋ ನಡೆದ ಸಂಗತಿಯಲ್ಲ, ತಮ್ಮ ಊರಿನ ಒಡೆಯನ ಕೈಯಿಂದಾದ ಸಂಗತಿ.

ನಮ್ಮ ನಾಡಿನಲ್ಲಿಯೂ ಈ ಕಥೆಗೆ ಮಿಗಿಲಾದ ಸ್ಥಾನವಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಚಕ್ರವ್ಯೂಹವನ್ನು ಬಳಪದ ಕಲ್ಲಿನಲ್ಲಿ ಸುತ್ತುಸುತ್ತಾಗಿ ಕೆತ್ತಿದ್ದಾರೆ. ಗದುಗಿನ ನಾರಣಪ್ಪನ ಭಾರತವನ್ನು ಗಮಕಿಗಳು ವಾಚಿಸುವಾಗ ಅಭಿಮನ್ಯುವಿನ ಸಂಧಿ ಬಂದರೆ ಕಣ್ಣೊರೆಸಿಕೊಳ್ಳದವರು ವಿರಳ. ಕರಾವಳಿಯ ಯಕ್ಷಗಾನದಲ್ಲಿಯೂ ಬಯಲುಸೀಮೆಯ ದೊಡ್ಡಾಟದಲ್ಲಿಯೂ ಇದರ ಪ್ರಸಂಗ ನಡೆಯುತ್ತದೆ. ನಾವೀಗ ಅನ್ನ ತಿನ್ನುತ್ತಿರುವ ಈ ಗುಜರಾತಿನಲ್ಲಿಯೂ ಹಾಗೆಯೇ. ೧೭ನೆಯ ಶತಮಾನದಲ್ಲಿ ವಡೋದರೆಯ ಪ್ರೇಮಾನಂದ ಕವಿ ಅಭಿಮನ್ಯುವಿನ ಆಖ್ಯಾನವನ್ನು ಗುಜರಾತಿಯಲ್ಲಿ ಬರೆದನು. ಬೆರಳಿಗೆ ಉಂಗುರ ತೊಟ್ಟು, ಲೋಹದ ಕೊಡದ ಮೇಲೆ ತಾಳ ಹಾಕುತ್ತ ಅಂಥ ಆಖ್ಯಾನಗಳನ್ನು ಹಾಡುವ ಮಾಣಭಟ್ಟರ ಪರಂಪರೆ ಇಲ್ಲಿಯದು. ನೆರೆಮನೆಯ ಗುಜರಾತಿ ಮುದುಕರೊಡನೆ ಮಾತಿಗೆ ಮೊದಲಿಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಡ.

ಕಲ್ಲಿಲ್ಲದ ಸೀಮೆಯ ಕೆಲಸ

ಬಾದಾಮಿ, ಪಟ್ಟದಕಲ್ಲುಗಳ ಸೀಮೆಯಿಂದ ಬಂದ ನಮಗೆ, ದೇವಾಲಯವನ್ನು ಮಣ್ಣಿನಿಂದ ಅಲಂಕರಿಸುವುದು ಬಡತನದ ಕೆಲಸದಂತೆ ತೋರಬಹುದು. ಅದು ಹಾಗಲ್ಲ. ಗಂಗಾ ಬಯಲಿನಲ್ಲಿ ಎಷ್ಟು ಆಳ ಅಗೆದರೂ ಸಿಗುವುದು ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಕಲ್ಲು ಬೇಕಾದರೆ ದೂರದಿಂದ ಸಾಗಿಸಬೇಕು. ಮಣ್ಣೋ ಕಾಲಡಿಯಲ್ಲೇ ಇದೆ, ಅದೂ ನುಣುಪಾದದ್ದು. ಆದ್ದರಿಂದ ಅಲ್ಲಿಯವರು ಇಟ್ಟಿಗೆಯಲ್ಲಿ ಕಟ್ಟಿದರು, ಸುಟ್ಟ ಮಣ್ಣಿನಲ್ಲಿ ಅಲಂಕರಿಸಿದರು. ಕಾನಪುರದ ಬಳಿಯ ಭೀತರಗಾಂವ್ ದೇವಾಲಯ ಇದೇ ಬಗೆಯದು. ಅದು ಈಗಲೂ ನಿಂತಿದೆ.

ದೊಡ್ಡ ಹಲಗೆಯನ್ನು ಸುಡುವುದು ಮಡಕೆ ಸುಟ್ಟಂತಲ್ಲ. ಮಣ್ಣು ದಪ್ಪವಾದಷ್ಟೂ ಒಳಗಿನ ತೇವ ಹೊರಬರುವುದು ಕಷ್ಟ. ತೇವವಿದ್ದ ಮಣ್ಣಿಗೆ ಒಮ್ಮೆಲೇ ಬೆಂಕಿ ತಾಗಿದರೆ ನೀರು ಹಬೆಯಾಗಿ ಮೂರ್ತಿ ಸಿಡಿದುಹೋಗುತ್ತದೆ. ಅದಕ್ಕಾಗಿ ಮಣ್ಣಿಗೆ ಹೊಟ್ಟನ್ನೋ ಮರಳನ್ನೋ ಬೆರೆಸಿ ತುಳಿಯುತ್ತಾರೆ. ಹೊಟ್ಟು ಬೆಂಕಿಯಲ್ಲಿ ಉರಿದುಹೋಗಿ ಸಣ್ಣ ಸಣ್ಣ ರಂಧ್ರಗಳನ್ನು ಬಿಡುತ್ತದೆ. ಹಬೆ ಅವುಗಳ ಮೂಲಕ ಹೊರಡುತ್ತದೆ. ದೊಡ್ಡ ಮೂರ್ತಿಯಾದರೆ ಒಳಗೆ ಪೊಳ್ಳು ಬಿಡುತ್ತಾರೆ. ಆಮೇಲೆ ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು. ಒಂದು ಪಕ್ಕ ಬೇಗ ಒಣಗಿದರೆ ಸೀಳು ಬಿಡುತ್ತದೆ. ಕೊನೆಗೆ ಆವಿಗೆಯಲ್ಲಿ ಬೆಂಕಿಯನ್ನು ಮೆಲ್ಲಗೆ ಏರಿಸುತ್ತ ಸುಮಾರು ೭೦೦ರಿಂದ ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ತರಬೇಕು. ಹಸಿ ಮಣ್ಣು ನೀರಿನಲ್ಲಿ ಕರಗುತ್ತದೆ. ಹೀಗೆ ಸುಟ್ಟದ್ದು ಮತ್ತೆ ಎಂದಿಗೂ ಕರಗುವುದಿಲ್ಲ. ಒಂದೂವರೆ ಸಾವಿರ ಮಳೆಗಾಲಗಳನ್ನು ಆ ಹಲಗೆ ಕಳೆದದ್ದು ಈ ಬೆಂಕಿಯ ಬಲದಿಂದ.

ಬಣ್ಣದ ಗುಟ್ಟೂ ಬೆಂಕಿಯಲ್ಲಿಯೇ ಇದೆ. ಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಆವಿಗೆಗೆ ಗಾಳಿ ಧಾರಾಳವಾಗಿ ಹೋದರೆ ಆ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ಮಣ್ಣು ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿದರೆ ಕಪ್ಪಾಗುತ್ತದೆ. ಇಟ್ಟಿಗೆ ಗೂಡುಗಳಲ್ಲಿ ದುಡಿದ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ.

ಸುಟ್ಟ ಮಣ್ಣಿನ ಕಾಲವನ್ನು ತಿಳಿಯಲು ಪದರದ ಲೆಕ್ಕವಲ್ಲದೆ ಇನ್ನೊಂದು ಉಪಾಯವನ್ನೂ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ೧೯೬೦ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಅದು ಬಹಳ ಮುಂದುವರಿಯಿತು. ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು ಸುತ್ತಲಿನ ಅತಿಸೂಕ್ಷ್ಮ ವಿಕಿರಣವನ್ನು ವರ್ಷ ವರ್ಷವೂ ಹೀರಿ ಕೂಡಿಡುತ್ತವೆ. ಆವಿಗೆಯಲ್ಲಿ ಸುಟ್ಟಾಗ ಆ ಕೂಡಿಟ್ಟದ್ದೆಲ್ಲ ಖಾಲಿಯಾಗಿ, ಲೆಕ್ಕ ಸೊನ್ನೆಯಿಂದ ಮತ್ತೆ ಆರಂಭವಾಗುತ್ತದೆ. ಇಂದು ಒಂದು ಚೂರನ್ನು ತೆಗೆದು ಕಾಯಿಸಿದರೆ ಅದು ಮಂದವಾದ ಬೆಳಕನ್ನು ಹೊರಸೂಸುತ್ತದೆ. ಬೆಳಕು ಎಷ್ಟೆಂದು ಅಳೆದು, ಸುಟ್ಟು ಎಷ್ಟು ವರ್ಷವಾಯಿತೆಂದು ಎಣಿಸುತ್ತಾರೆ. ನಿನ್ನೆ ಸುಟ್ಟು ಹೊಗೆ ಹಿಡಿಸಿ ಹಳೆಯದೆಂದು ಮಾರುವ ಮೋಸವನ್ನು ಹಿಡಿಯುವುದಕ್ಕೂ ಇದು ಒದಗುತ್ತದೆ.

ನಮ್ಮ ಸಮೀಪದಲ್ಲಿ

ಅಹಿಚ್ಛತ್ರ ದೂರವಾಯಿತೆನ್ನುವವರಿಗೆ ಗುಜರಾತಿನದೇ ಒಂದು ಉದಾಹರಣೆಯುಂಟು. ಉತ್ತರ ಗುಜರಾತಿನ ಶಾಮಳಾಜಿಯ ಬಳಿ, ಮೇಶ್ವೋ ನದಿಯ ಕಣಿವೆಯಲ್ಲಿ ದೇವ್ನಿ ಮೋರಿ ಎಂಬ ಸ್ಥಳವಿತ್ತು. ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದವರು ೧೯೬೦ರಿಂದ ೧೯೬೩ರವರೆಗೆ ಅಲ್ಲಿ ಅಗೆದು, ಇಟ್ಟಿಗೆಯ ದೊಡ್ಡ ಬೌದ್ಧಸ್ತೂಪವೊಂದನ್ನು ಬೆಳಕಿಗೆ ತಂದರು. ಅದರ ಗೋಡೆಯ ಕಮಾನುಗಳಲ್ಲಿ ಧ್ಯಾನಕ್ಕೆ ಕುಳಿತ ಬುದ್ಧನ ಸುಟ್ಟ ಮಣ್ಣಿನ ಮೂರ್ತಿಗಳಿದ್ದವು. ಸ್ತೂಪದೊಳಗಿದ್ದ ಕಲ್ಲಿನ ಕರಂಡಕದ ಮೇಲಿನ ಬರಹದಲ್ಲಿ ರುದ್ರಸೇನನೆಂಬ ಅರಸನ ಹೆಸರೂ, ಕಥಿಕ ಅರಸರ ೧೨೭ನೆಯ ವರ್ಷವೆಂಬ ಕಾಲವೂ ಇದೆ. ಆ ಸ್ಥಳ ಈಗ ಮೇಶ್ವೋ ಅಣೆಕಟ್ಟಿನ ನೀರಿನಡಿ ಮುಳುಗಿದೆ. ನೀರು ಬರುವ ಮೊದಲು ಅಗೆದು ತೆಗೆದಿರದಿದ್ದರೆ ಆ ಮೂರ್ತಿಗಳ ಸುಳಿವೂ ನಮಗೆ ಸಿಗುತ್ತಿರಲಿಲ್ಲ. ಕರಂಡಕವನ್ನು ವಡೋದರೆಯ ವಿಶ್ವವಿದ್ಯಾಲಯವೇ ಕಾಪಾಡಿಕೊಂಡು ಬಂದಿದೆ.

ಇಲ್ಲಿ ಒಂದು ಉಪಯುಕ್ತ ಸೂಚನೆ. ನಮ್ಮವರಲ್ಲಿ ಅನೇಕರು ಕಟ್ಟಡಗಳ ಪಾಯ ತೋಡುವ, ಕಾಲುವೆ, ರಸ್ತೆ ಅಗೆಯುವ ಕೆಲಸದಲ್ಲಿದ್ದಾರೆ. ಗುದ್ದಲಿಗೆ ಹಳೆಯ ಮಣ್ಣಿನ ಗೊಂಬೆಯೋ ನಾಣ್ಯವೋ ತಗುಲಿದರೆ ತೊಳೆದು ಉಜ್ಜಬಾರದು, ಹಂಚಿಕೊಳ್ಳಬಾರದು. ಯಾವ ಜಾಗ, ಎಷ್ಟು ಆಳ, ಸುತ್ತ ಏನಿತ್ತು ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಪದರದಿಂದ ಕಿತ್ತ ಗೊಂಬೆ ಅರ್ಧ ಮಾತನ್ನು ಕಳೆದುಕೊಂಡಂತೆ. ೧೮೭೮ರ ನಿಧಿ ಕಾಯಿದೆಯ ಪ್ರಕಾರ, ನೆಲದಲ್ಲಿ ಸಿಕ್ಕ ಹತ್ತು ರೂಪಾಯಿ ಮೀರಿದ ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. ೧೯೭೨ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ಮೂರ್ತಿಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಹಣದಾಸೆ ತೋರಿಸಿ ಕೇಳುವವರು ಬಂದರೆ ಈ ಎರಡು ಕಾಯಿದೆಗಳನ್ನು ನೆನಪಿಡಿರಿ.

ಕಥೆ ಮರೆತರೆ

ಕೊನೆಯದಾಗಿ ಒಂದು ಮಾತು. ಅಹಿಚ್ಛತ್ರದ ಹಲಗೆಯನ್ನು ಮಾಡಿದ ಕುಶಲಿಯ ಹೆಸರು ಉಳಿದಿಲ್ಲ. ಮಣ್ಣು ತುಳಿದವರ, ಸೌದೆ ಹೊತ್ತವರ ಹೆಸರೂ ಉಳಿದಿಲ್ಲ. ಅವರು ಮಾಡಿದ ವೀರನ ಹೆಸರು ಮಾತ್ರ ಉಳಿಯಿತು. ಅದೂ ಹಂದಿ ಯಾರದು, ಚಂದ್ರ ಯಾರದು ಎಂಬ ಕಥೆಯನ್ನು ಹೇಳುತ್ತ ಕೇಳುತ್ತ ಬಂದವರಿದ್ದುದರಿಂದ ಉಳಿಯಿತು. ಅಂಥವರಿಲ್ಲದಿದ್ದರೆ ಅದು 'ಇಬ್ಬರು ಬಿಲ್ಲುಗಾರರು' ಎಂಬ ಚೀಟಿ ಹೊತ್ತು ಕುಳಿತಿರುತ್ತಿತ್ತು.

ಸಚಿನ್‌ನಲ್ಲಿಯೂ ಸೂರತ್ತಿನಲ್ಲಿಯೂ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಗುಜರಾತಿ, ಹಿಂದಿ ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಅಜ್ಜ ಅಜ್ಜಿಯರು ಊರಿನಲ್ಲುಳಿದು, ತಂದೆ ತಾಯಿ ಪಾಳಿಯ ಕೆಲಸಕ್ಕೆ ಹೋದ ಮನೆಯಲ್ಲಿ ಕಥೆ ಹೇಳುವವರು ಯಾರು? ರಜೆಯ ದಿನ ಅರ್ಧ ಗಂಟೆ ಮಕ್ಕಳನ್ನು ಕೂರಿಸಿಕೊಂಡು ಚಕ್ರವ್ಯೂಹದ ಕಥೆಯನ್ನು ಕನ್ನಡದಲ್ಲಿ ಹೇಳಿರಿ. ಯಾರ ಬಾವುಟದಲ್ಲಿ ಏನಿತ್ತೆಂಬುದನ್ನು ಹೇಳಲು ಮರೆಯಬೇಡಿರಿ. ಅನುಕೂಲವಾದಾಗ ರೈಲು ಹತ್ತಿ ವಡೋದರೆಯ ಸಯಾಜಿ ಬಾಗಿನ ವಸ್ತುಸಂಗ್ರಹಾಲಯವನ್ನು ಅವರಿಗೆ ತೋರಿಸಿರಿ. ಮೂರ್ತಿಗಳ ಮುಂದೆ ನಿಂತಾಗ ಚೀಟಿ ಓದುವ ಮೊದಲು, 'ಇವನು ಯಾರು, ಹೇಳು ನೋಡೋಣ' ಎಂದು ಕೇಳಿರಿ.